ಸೊಂಟ ನೋವಿಗೆ ಚೀನೀ ವೈದ್ಯರ ಹತ್ತಿರ ಸೂಜಿ ಹಾಕಿಸಿಕೊಳ್ಳಬೇಕು ಅಂತಿದ್ದೇನೆ, ಹೋದವರು ಹೇಳಿ (ಸಿಂಗಪುರ)

ಟ್ಯಾಂಪನೀಸ್_ತುಳಸಿ

ಎಲ್ಲರಿಗೂ ನಮಸ್ಕಾರ. ವರ್ಷದ ಮೇಲಾಯಿತು, ಸೊಂಟ ನೋವು ಬಿಡುತ್ತಿಲ್ಲ. ಎಂಆರ್‌ಐ ಮಾಡಿಸಿದ್ದೇನೆ. ಒಂದು ಡಿಸ್ಕ್ ಸ್ವಲ್ಪ ಉಬ್ಬಿದೆ, ಆಪರೇಷನ್ ಏನೂ ಬೇಡ ಅಂದಿದ್ದಾರೆ. ಫಿಸಿಯೋಥೆರಪಿ ಮಾಡಿದಷ್ಟು ದಿನ ಪರವಾಗಿಲ್ಲ, ಬಿಟ್ಟರೆ ಮತ್ತೆ ಶುರು. ಆಫೀಸಿನಲ್ಲಿ ಪಕ್ಕದ ಸೀಟಿನ ಚೀನೀ ಗೆಳತಿ "ಟಿಸಿಎಂ ವೈದ್ಯರಿಗೆ ತೋರಿಸು, ಸೂಜಿ ಹಾಕಿಸಿಕೋ" ಅಂತ ದಿನಾ ಗಂಟು ಬಿದ್ದಿದ್ದಾಳೆ. ಟಿಸಿಎಂ ಅಂದರೆ ಚೀನಾದ ಸಾಂಪ್ರದಾಯಿಕ ವೈದ್ಯ ಪದ್ಧತಿ, ಸೂಜಿ ಅಂದರೆ ಅಕ್ಯುಪಂಕ್ಚರ್. ಇಲ್ಲಿ ಯಾವ ಬಡಾವಣೆಗೆ ಹೋದರೂ ಒಂದಾದರೂ ಕ್ಲಿನಿಕ್ ಕಣ್ಣಿಗೆ ಬೀಳುತ್ತದೆ.

ಹೋದರೆ ಏನು ಮಾಡುತ್ತಾರೆ? ನೋವಾಗುತ್ತದಾ? ಎಷ್ಟು ಸಲ ಹೋಗಬೇಕು? ನಿಜವಾಗಿ ಕೆಲಸ ಮಾಡುತ್ತದಾ, ಅಥವಾ ಸುಮ್ನೆ ನಂಬಿಕೆಯಾ?

ಅಂದಹಾಗೆ, ಅಮ್ಮ ಊರಿಂದ ಬಂದಿದ್ದಾರೆ. ಅವರಿಗೆ ಮಂಡಿ ನೋವು. ಹೇಗೂ ನಾನು ಹೋಗುತ್ತೇನಲ್ಲ, ಅವರನ್ನೂ ಕರೆದುಕೊಂಡು ಹೋಗೋಣ ಅಂತ. ಕೆಲವು ವರ್ಷದ ಹಿಂದೆ ಹೃದಯದ ವಾಲ್ವ್ ಬದಲಾಯಿಸಿದ್ದಾರೆ, ಅದರ ಮಾತ್ರೆ ನಡೆಯುತ್ತಿದೆ. ಅದು ಬಿಟ್ಟರೆ ಗಟ್ಟಿಯಾಗಿದ್ದಾರೆ.

ಜುರಾಂಗ್_ಜೋಳದರೊಟ್ಟಿ

ಅಕ್ಕಾರ, ನಾನೂ ಇಲ್ಲೇ ಇರೋದು. ಕುತ್ತಿಗೆ ನೋವಿಗೆ ಹೋಗಿದ್ದೆ. ಹೇಗಿರುತ್ತದೆ ಅಂತ ಹೇಳುತ್ತೇನೆ ನೋಡ್ರಿ.

ಮೊದಲ ಸಲ ಸೂಜಿಗಿಂತ ಮಾತೇ ಜಾಸ್ತಿ. ನೋವು ಎಲ್ಲಿ ಅಂತ ಕೇಳಿ ಸುಮ್ಮನಾಗುವುದಿಲ್ಲ. ನಿದ್ದೆ ಹೇಗೆ, ಹೊಟ್ಟೆ ಹೇಗೆ, ಬೆವರು ಎಷ್ಟು, ಕೈಕಾಲು ತಣ್ಣಗಾಗುತ್ತವಾ, ಬಾಯಾರಿದರೆ ಬಿಸಿನೀರು ಬೇಕೆನಿಸುತ್ತದೋ ತಣ್ಣೀರೋ, ಹೆಂಗಸರಾದರೆ ಮುಟ್ಟಿನ ವಿಚಾರ, ಎಲ್ಲಾ ಕೇಳುತ್ತಾರೆ. ಆಮೇಲೆ ನಾಲಿಗೆ ಚಾಚಿಸಿ ಅದರ ಬಣ್ಣ, ಅಂಚು, ಮೇಲಿನ ಪದರ ನೋಡುತ್ತಾರೆ. ನಂತರ ನಾಡಿ. ಎರಡೂ ಮಣಿಕಟ್ಟು, ಒಂದೊಂದರ ಮೇಲೂ ಮೂರು ಬೆರಳು. ಊರಿನ ಪಂಡಿತರಿಗೆ ಕೈ ಕೊಟ್ಟು ಕೂತು ಅಭ್ಯಾಸ ಇದ್ದವರಿಗೆ ಇದೇನು ಹೊಸದಲ್ಲ.

ಆ ದಿನ ಬೆಳಿಗ್ಗೆ ನಾಲಿಗೆ ಕೆರೆಯಬೇಡಿ. ನಮ್ಮವರು ಟಂಗ್ ಕ್ಲೀನರ್ ಹಾಕಿ ಉಜ್ಜಿ ಹೋದರೆ ಅವರಿಗೆ ನೋಡಲು ಏನೂ ಉಳಿದಿರುವುದಿಲ್ಲ. ಕಾಫಿಯೂ ಬೇಡ, ಬಣ್ಣ ಹಿಡಿಯುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ, ಕೆಲವರಿಗೆ ತಲೆ ಸುತ್ತಿ ಕಣ್ಣು ಕತ್ತಲೆ ಬರುತ್ತದೆ. ಮಂಡಿ ತನಕ ಮಡಚಲು ಬರುವಂಥ ಸಡಿಲ ಪ್ಯಾಂಟ್ ಹಾಕಿಕೊಳ್ಳಿ. ಸೊಂಟ ನೋವಿಗೂ ಕಾಲಿಗೆ, ಮಂಡಿ ಹಿಂದೆ ಸೂಜಿ ಹಾಕುತ್ತಾರೆ.

ಸೂಜಿ ಅಂದರೆ ಇಂಜೆಕ್ಷನ್ ಸೂಜಿ ಅಲ್ಲ. ಒಳಗೆ ತೂತಿಲ್ಲ, ದಪ್ಪ ಸುಮಾರು ಕಾಲು ಮಿಲಿಮೀಟರ್. ಚುಚ್ಚುವಾಗ ಅಷ್ಟು ಗೊತ್ತಾಗುವುದಿಲ್ಲ. ಆಮೇಲೆ ತಿರುಗಿಸಿದಾಗ ಒಳಗೆ ಭಾರ, ಜೋಮು, ಒಂಥರಾ ಮಂದ ನೋವು. ಅದಕ್ಕೆ ಅವರು 'ದೆ ಚಿ' ಅನ್ನುತ್ತಾರೆ, ಅದು ಬಂದರೇ ಸೂಜಿ ಸರಿಯಾಗಿ ಕೂತಿದೆ ಅಂತ ಅವರ ಲೆಕ್ಕ. ಚುರುಕ್ ಅಂತ ಶಾಕ್ ಹೊಡೆದರೆ ಮಾತ್ರ ತಡೆದುಕೊಂಡು ಕೂರಬೇಡಿ, ತಕ್ಷಣ ಹೇಳಿ. ನರಕ್ಕೆ ತಾಗಿರಬಹುದು. 20-30 ನಿಮಿಷ ಹಾಗೇ ಮಲಗಿಸುತ್ತಾರೆ. ನನಗಂತೂ ಗೊರಕೆ ಬಂದುಬಿಡುತ್ತಿತ್ತು.

ಕೆಲವೊಮ್ಮೆ ಸೂಜಿಗೆ ಕ್ಲಿಪ್ ಹಾಕಿ ಸಣ್ಣಗೆ ಕರೆಂಟ್ ಬಿಡುತ್ತಾರೆ. ಮಾಚಿಪತ್ರೆ ಜಾತಿಯ ಒಣ ಎಲೆ ಸುಟ್ಟು ಶಾಖ ಕೊಡುವುದೂ ಉಂಟು, ಅದೇ ಮೋಕ್ಸಾ. ಅದರ ವಾಸನೆ ಬಟ್ಟೆಗೆ ಹಿಡಿದರೆ ಎರಡು ಸಲ ಒಗೆಯಬೇಕು. ಕಪ್ಪಿಂಗ್, ಅಂದರೆ ಬಟ್ಟಲು ಕವುಚಿ ಚರ್ಮ ಮೇಲಕ್ಕೆ ಎಳೆಸುವುದು, ಮಾಡಿಸಿದರೆ ಬೆನ್ನ ಮೇಲೆ ದುಂಡನೆ ನೇರಳೆ ಕಲೆ ವಾರದ ತನಕ ಇರುತ್ತದೆ, ಕಾಂಡೋ ಈಜುಕೊಳದಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಗುಣ ಆಯಿತಾ ಅಂದರೆ, ಆಯಿತು. ಸೂಜಿಯಿಂದಲೋ, ಅದೇ ಹೊತ್ತಿಗೆ ಮಾನಿಟರ್ ಎತ್ತರಿಸಿದ್ದರಿಂದಲೋ, ಆ ಸಿದ್ಧಾರೂಢನಿಗೇ ಗೊತ್ತು.

ಸಂಶಯ_ಸ್ವಾಮಿ

ಕೊನೆಯ ಸಾಲಿಗೆ ನನ್ನದೊಂದು ಲೈಕ್. ಇಂಥ ಪ್ರಾಮಾಣಿಕ ಅನುಭವ ಈ ವಿಷಯದಲ್ಲಿ ಅಪರೂಪ.

ಟಿಸಿಎಂನವರು ಹೇಳುವ 'ಚಿ' ಅನ್ನುವ ಶಕ್ತಿಯನ್ನಾಗಲಿ, ಅದು ಹರಿಯುವ ದಾರಿಗಳನ್ನಾಗಲಿ ದೇಹದಲ್ಲಿ ಇದುವರೆಗೆ ಯಾರೂ ತೋರಿಸಿಲ್ಲ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಸೂಜಿ ಹಾಕುವ 361 ಬಿಂದುಗಳಿರುತ್ತವೆ. ಆ ಬಿಂದುಗಳಿಗೆ ಬೆಲೆ ಇದೆಯಾ ಅಂತ ಜರ್ಮನಿಯಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿದರು. ಗೆರಾಕ್ ಅಂತ ಹೆಸರು, ಸೊಂಟ ನೋವಿನ ಫಲಿತಾಂಶ ಬಂದದ್ದು 2007ರಲ್ಲಿ. 1162 ರೋಗಿಗಳು. ಆರು ತಿಂಗಳ ನಂತರ, ಶಾಸ್ತ್ರದ ಪ್ರಕಾರ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಸುಧಾರಿಸಿತ್ತು. ಬಿಂದು ಬಿಟ್ಟು ಬೇರೆ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ ಆದರೆ ಈ ನಾಲಿಗೆ, ನಾಡಿ, ನಕ್ಷೆ ಎಲ್ಲ ಯಾತಕ್ಕೆ?

ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಅಕ್ಯುಪಂಕ್ಚರ್ ಕೊಡಬೇಡಿ ಅಂತ ಹೇಳಿದೆ. ಹಣ ಉಳಿಸಿ, ದಿನಾ ವಾಕ್ ಮಾಡಿ.

ಮ್ಯೂನಿಕ್_ಮಲೆನಾಡಿಗ

ಸ್ವಾಮಿಗಳೇ, ಅದೇ ಪರೀಕ್ಷೆಯಲ್ಲಿ ಮೂರನೇ ಗುಂಪೊಂದಿತ್ತಲ್ಲ, ಅದನ್ನು ಯಾಕೆ ನುಂಗಿದಿರಿ? ಮಾತ್ರೆ, ಫಿಸಿಯೋ, ವ್ಯಾಯಾಮ ಕೊಟ್ಟ ಗುಂಪು. ಅವರಲ್ಲಿ ಸುಧಾರಿಸಿದವರು ಶೇ. 27.4. ಸುಳ್ಳು ಸೂಜಿಯೂ, ಅಂದರೆ ಬಿಂದು ಬಿಟ್ಟು ಚುಚ್ಚಿದ್ದೂ, ಅದಕ್ಕಿಂತ ಎಷ್ಟೋ ಮುಂದೆ. ತುಳಸಿಯವರು ಕೇಳಿದ್ದು ಚಿ ಇದೆಯಾ ಅಂತಲ್ಲ, ಸೊಂಟ ನೋವು ಕಡಿಮೆಯಾಗುತ್ತದಾ ಅಂತ.

ಇಲ್ಲಿ ಜರ್ಮನಿಯಲ್ಲಿ ಇಂಥ ಪರೀಕ್ಷೆಗಳ ಆಧಾರದ ಮೇಲೆ 2007ರ ಜನವರಿಯಿಂದ ಸರ್ಕಾರಿ ಆರೋಗ್ಯ ವಿಮೆ ಎರಡೇ ಎರಡು ಕಾಯಿಲೆಗೆ ಅಕ್ಯುಪಂಕ್ಚರ್ ಖರ್ಚು ಕೊಡುತ್ತದೆ. ಹಳೇ ಸೊಂಟ ನೋವು, ಮಂಡಿ ಸವೆತದ ನೋವು. ನೋವು ಕನಿಷ್ಠ ಆರು ತಿಂಗಳ ಹಳೆಯದಿರಬೇಕು. ಮಾಮೂಲಿಗೆ ಆರು ವಾರದೊಳಗೆ 10 ಸಲ. ಮಾಡುವವರು ಎಂಬಿಬಿಎಸ್ ಥರದ್ದೇ ಓದಿ, ಮೇಲೆ ಇದರ ತರಬೇತಿ ಪಡೆದ ಡಾಕ್ಟರು. ನನ್ನ ಡಾಕ್ಟರು ನಾಲಿಗೆ ನೋಡಲೇ ಇಲ್ಲ. ಎಂಆರ್‌ಐ ನೋಡಿದರು, ಮುಟ್ಟಿ ನೋಡಿದರು, ಸೂಜಿ ಹಾಕಿದರು, ಮನೆಯಲ್ಲಿ ಮಾಡುವ ವ್ಯಾಯಾಮ ಬರೆದುಕೊಟ್ಟರು. ಆ ವ್ಯಾಯಾಮ ಮಾಡದೆ ಬಂದರೆ ಮುಖ ಗಂಟಿಕ್ಕುತ್ತಿದ್ದರು.

ಇನ್ನೊಂದು, ನೈಸ್ ಬಗ್ಗೆ ಅರ್ಧ ಹೇಳಿದಿರಿ. ಅದೇ ನೈಸ್ 2021ರಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಅಕ್ಯುಪಂಕ್ಚರ್ ಯೋಚಿಸಬಹುದು ಅಂದಿದೆ. ಪದೇಪದೇ ಬರುವ ಅರೆತಲೆನೋವು ತಡೆಯಲು 5ರಿಂದ 8 ವಾರದಲ್ಲಿ 10 ಸಲದವರೆಗೆ ಅಂತ 2012ರಲ್ಲೇ ಬರೆದಿತ್ತು.

ಸಂಶಯ_ಸ್ವಾಮಿ

ನುಂಗಿಲ್ಲ ಸ್ವಾಮಿ, ಅಗಿಯುತ್ತಿದ್ದೆ. ಆ ಮೂರನೇ ಗುಂಪಿನವರಿಗೆ ತಮಗೆ ಸೂಜಿ ಸಿಗಲಿಲ್ಲ ಅಂತ ಗೊತ್ತಿತ್ತು. ವರ್ಷಗಟ್ಟಲೆ ನರಳಿ, ಹೊಸದೇನಾದರೂ ಸಿಗಲಿ ಅಂತ ಬಂದವರಿಗೆ ಮತ್ತೆ ಅದೇ ಮಾತ್ರೆ, ಅದೇ ವ್ಯಾಯಾಮ ಅಂದರೆ ಹೇಗಾಗಬೇಡ? ನಿರಾಸೆಯೂ ನೋವಿನ ಅಂಕಿಯಲ್ಲಿ ಸೇರಿಕೊಳ್ಳುತ್ತದೆ.

ನಿಮ್ಮ ಜರ್ಮನಿಯವರೇ 1998ರಲ್ಲಿ ಒಂದು ಚಂದದ ಉಪಾಯ ಕಂಡುಹಿಡಿದರು. ನಾಟಕದ ಚಾಕುವಿನ ಥರದ ಸೂಜಿ. ಒತ್ತಿದರೆ ಹಿಡಿಯೊಳಗೆ ಸರಿಯುತ್ತದೆ, ಚರ್ಮದೊಳಗೆ ಹೋಗುವುದಿಲ್ಲ, ರೋಗಿಗೆ ಚುಚ್ಚಿದ ಹಾಗೇ ಅನಿಸುತ್ತದೆ. ಅದರ ಜೊತೆ ಹೋಲಿಸಿದರೂ ನಿಜ ಸೂಜಿಯ ಹೆಚ್ಚುಗಾರಿಕೆ ಸಣ್ಣದೇ.

ಮ್ಯೂನಿಕ್_ಮಲೆನಾಡಿಗ

ಸಣ್ಣದು ಅಂದರೆ ಒಪ್ಪುತ್ತೇನೆ. ಸೊನ್ನೆ ಅಂದರೆ ಇಲ್ಲ. 39 ಪರೀಕ್ಷೆಗಳ 20,827 ರೋಗಿಗಳ ಮಾಹಿತಿಯನ್ನು ಒಬ್ಬೊಬ್ಬರದಾಗಿ ಒಟ್ಟು ಹಾಕಿದ ವಿಶ್ಲೇಷಣೆ 2018ರಲ್ಲಿ ಬಂತು. ಬೆನ್ನು, ಕುತ್ತಿಗೆ, ಮಂಡಿ, ತಲೆನೋವು ಇಂಥವು. ಸುಳ್ಳು ಸೂಜಿಗಿಂತ ನಿಜದ್ದು ಸ್ವಲ್ಪ ಮೇಲು, ಏನೂ ಸೂಜಿ ಇಲ್ಲದ್ದಕ್ಕಿಂತ ಸಾಕಷ್ಟು ಮೇಲು. ಸಿಕ್ಕಿದ ಲಾಭ ಬಹುಪಾಲು ವರ್ಷದ ನಂತರವೂ ಉಳಿದಿತ್ತು.

ಅಂದರೆ ತುಳಸಿಯವರು ಇಷ್ಟು ನಿರೀಕ್ಷಿಸಬಹುದು: ನೋವು ಪೂರ್ತಿ ಹೋಗುವುದಿಲ್ಲ, ಅಷ್ಟಿಷ್ಟು ತಗ್ಗಬಹುದು. ಆ ಬಿಡುವಿನಲ್ಲಿ ವ್ಯಾಯಾಮ ಹಿಡಿದರೆ ಲಾಭ. ಐದಾರು ಸಲ ಆದರೂ ಏನೂ ಗೊತ್ತಾಗದಿದ್ದರೆ ನಿಲ್ಲಿಸಿ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೂಡ 2020ರಿಂದ ಹಳೇ ಸೊಂಟ ನೋವಿಗೆ 90 ದಿನದಲ್ಲಿ 12 ಸಲ ಕೊಡುತ್ತದೆ. ಸುಧಾರಿಸುತ್ತಿದ್ದರೆ ಮಾತ್ರ ಇನ್ನೂ 8. ನನಗೆ ಈ ಷರತ್ತು ಇಷ್ಟ.

ಚಾಮರಾಜಪೇಟೆ_ಚಕ್ಲಿ

ನೀವೆಲ್ಲ ಪರ್ಸೆಂಟೇಜ್ ಲೆಕ್ಕ ಹಾಕುತ್ತಾ ಕೂತಿದ್ದೀರಿ. ಚೀನಾದಲ್ಲಿ ಅರಿವಳಿಕೆ ಕೊಡದೆ ಬರೀ ಸೂಜಿ ಹಾಕಿ ಅಮೆರಿಕದ ಪತ್ರಕರ್ತನ ಹೊಟ್ಟೆ ಆಪರೇಷನ್ ಮಾಡಿದರಲ್ಲ! ಅದಕ್ಕಿಂತ ಸಾಕ್ಷಿ ಬೇಕಾ?

ಹಳೇಪೇಪರ್_ಅಂಗಡಿ

ಆ ಕತೆ ಬಾಯಿಂದ ಬಾಯಿಗೆ ಬೆಳೆದದ್ದು. ಪತ್ರಕರ್ತ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್, 1971ರ ಜುಲೈ, ಬೀಜಿಂಗ್. ಅಪೆಂಡಿಸೈಟಿಸ್ ಆಯಿತು. ಆಪರೇಷನ್ ಮಾಡಿದ್ದು ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಬಲ ಮೊಣಕೈಗೆ, ಮಂಡಿ ಕೆಳಗೆ ಸೂಜಿ ಹಾಕಿ, ಹೊಟ್ಟೆಗೆ ಮೋಕ್ಸಾ ಶಾಖ ಕೊಟ್ಟರು. ಹಾಯೆನಿಸಿತು ಅಂತ ಅವರೇ ಬರೆದರು. ಮರುವರ್ಷ ನಿಕ್ಸನ್ ಚೀನಾಕ್ಕೆ ಹೋದರು, ಅಮೆರಿಕದಲ್ಲಿ ಸೂಜಿಯ ಹುಚ್ಚು ಹತ್ತಿತು.

ನಮ್ಮ ದೇಶಕ್ಕೆ ಬಂದ ದಾರಿಯೇ ಬೇರೆ. 1938ರಲ್ಲಿ ಚೀನಾದ ಯುದ್ಧಕ್ಕೆ ನಮ್ಮಿಂದ ಐವರು ವೈದ್ಯರು ಹೋಗಿದ್ದರಲ್ಲ, ಸೊಲ್ಲಾಪುರದ ಕೋಟ್ನಿಸ್ ಇದ್ದ ತಂಡ. ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು. ಪಶ್ಚಿಮ ಬಂಗಾಳದಲ್ಲಿ 1996ರಲ್ಲೇ ಅಕ್ಯುಪಂಕ್ಚರ್‌ಗೆ ಕಾಯ್ದೆ ಬಂದದ್ದು ಆ ಬಳುವಳಿ. ವಿಷಯಾಂತರ, ಕ್ಷಮಿಸಿ, ಮುಂದುವರಿಸಿ.

ಔಷಧಿ_ಚೀಟಿ

ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವಳು. ಇಷ್ಟು ಹೊತ್ತು ಎಲ್ಲರೂ ಸೂಜಿ ಹಿಡಿದು ಜಗ್ಗಾಡಿದಿರಿ. ತುಳಸಿಯವರ ಕೊನೆಯ ಎರಡು ಸಾಲು ಯಾರೂ ಓದಿದ ಹಾಗಿಲ್ಲ.

ತುಳಸಿಯವರೇ, ಅಮ್ಮ ತೆಗೆದುಕೊಳ್ಳುವ ಮಾತ್ರೆ ಯಾವುದು? ಕೃತಕ ವಾಲ್ವ್ ಹಾಕಿದ್ದರೆ ಬಹುಶಃ ವಾರ್ಫರಿನ್ ಅಥವಾ ಅಸೆನೊಕುಮರಾಲ್. ರಕ್ತ ಹೆಪ್ಪುಗಟ್ಟದಿರಲು. ಆಗಾಗ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಮಾಡಿಸುತ್ತಾರಾ? ಹೌದು ಅಂದರೆ ಟಿಸಿಎಂ ಕ್ಲಿನಿಕ್ಕಿನಲ್ಲಿ ಅವರಿಗೆ ಸೂಜಿಗಿಂತ ಕಷಾಯವೇ ದೊಡ್ಡ ಅಪಾಯ. ಸೂಜಿಗೆ ಅಂತ ಹೋದರೂ ಬರುವಾಗ ಒಂದು ಪೊಟ್ಟಣ ಕೈಗೆ ಬರುವುದು ಮಾಮೂಲು. ಬೇರು-ತೊಗಟೆಗಳ ಗಂಟಾದರೂ ಇರಬಹುದು, ಬಿಸಿನೀರಿಗೆ ಕಲಸುವ ಪುಡಿಯಾದರೂ ಇರಬಹುದು. ಅದರಲ್ಲಿ ದಾನ್‌ಶೆನ್ ಅನ್ನುವ ಬೇರು, ದಾಂಗ್ ಗುಯಿ ಅನ್ನುವ ಬೇರು ತುಂಬಾ ಬಳಕೆ. ಎರಡೂ ವಾರ್ಫರಿನ್ ಪ್ರಭಾವ ಏರಿಸಿ ರಕ್ತಸ್ರಾವ ಮಾಡಿಸಬಲ್ಲವು. ಜಿನ್‌ಸೆಂಗ್ ಉಲ್ಟಾ, ಪ್ರಭಾವ ಇಳಿಸಬಹುದು. ಇಳಿದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಎರಡೂ ಕಡೆಯಿಂದ ಕಷ್ಟ. ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ನೋವಿನ ಮಾತ್ರೆಗೂ ಇದೇ ಮಾತು, ಐಬುಪ್ರೊಫೆನ್ ಥರದ್ದನ್ನು ಅವರಿಗೆ ಕೊಡಲೇಬೇಡಿ.

ಸೂಜಿ ಕೂಡ ಹೃದ್ರೋಗದ ಡಾಕ್ಟರನ್ನು ಕೇಳದೆ ಬೇಡ. ಕೃತಕ ವಾಲ್ವ್ ಇದ್ದವರಿಗೆ ಚರ್ಮದಿಂದ ಸೋಂಕು ಒಳಹೋದರೆ ವಾಲ್ವಿಗೇ ತಗಲಬಹುದು. ಕಿವಿಯಲ್ಲಿ ದಿನಗಟ್ಟಲೆ ಬಿಡುವ ಪುಟ್ಟ ಸೂಜಿಗಳಂತೂ ಬೇಡವೇ ಬೇಡ. ಕಪ್ಪಿಂಗ್ ಮಾಡಿದರೆ ಚರ್ಮದಡಿ ರಕ್ತ ಜಿನುಗಿ ದೊಡ್ಡ ಕಲೆ ನಿಲ್ಲುತ್ತದೆ.

ನಿಮಗೆ, ಅಂದರೆ ಮಗಳಿಗೆ, ಸೂಜಿಯಿಂದ ಭಯ ಕಡಿಮೆ. ಬ್ರಿಟನ್ನಿನಲ್ಲಿ ತರಬೇತಾದವರು ಮಾಡಿದ 34,407 ಚಿಕಿತ್ಸೆಗಳನ್ನು ಗಮನಿಸಿ 2001ರಲ್ಲಿ ವರದಿ ಮಾಡಿದ್ದಾರೆ. ಗಂಭೀರ ತೊಂದರೆ ಒಂದೂ ಆಗಿರಲಿಲ್ಲ. ಹಾಗಂತ ಆಗುವುದೇ ಇಲ್ಲ ಅಂತಲ್ಲ. ಎದೆ, ಭುಜದ ಹತ್ತಿರ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾದ ಪ್ರಸಂಗಗಳು ಅಪರೂಪಕ್ಕೆ ದಾಖಲಾಗಿವೆ. ಆಮೇಲೆ ಉಸಿರು ಕಟ್ಟಿದರೆ, ಎದೆಯಲ್ಲಿ ಚುಚ್ಚಿದ ಹಾಗೆ ನೋವಾದರೆ ನೇರ ಎಮರ್ಜೆನ್ಸಿಗೆ. ಸೂಜಿ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಆದಮೇಲೆ ಎಸೆಯಬೇಕು.

ಮ್ಯೂನಿಕ್_ಮಲೆನಾಡಿಗ

ಔಷಧಿ ಚೀಟಿ ಮೇಡಂ, ನಾನೂ ಮೇಲುಮೇಲೆ ಓದಿ ಮುಂದೆ ಹೋಗಿದ್ದೆ. ಒಳ್ಳೆಯದಾಯಿತು ಹೇಳಿದ್ದು.

ಚಾಮರಾಜಪೇಟೆ_ಚಕ್ಲಿ

ಗಿಡಮೂಲಿಕೆ ಅಂದಕೂಡಲೇ ಹೆದರಿಸಬೇಡಿ. ಮಲೇರಿಯಾಕ್ಕೆ ಇವತ್ತು ಪ್ರಪಂಚವೇ ತಿನ್ನುವ ಮಾತ್ರೆ ಚೀನೀ ಗಿಡದಿಂದಲೇ ಬಂದದ್ದು, ನೊಬೆಲ್ ಕೂಡ ಸಿಕ್ಕಿದೆ.

ಔಷಧಿ_ಚೀಟಿ

ಸಿಕ್ಕಿದೆ, 2015ರಲ್ಲಿ, ತು ಯುಯು ಅವರಿಗೆ. ನನಗೆ ಬಹಳ ಇಷ್ಟದ ಕತೆ ಅದು. ಮೊದಮೊದಲು ಗಿಡದ ಸಾರ ತೆಗೆದರೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ಗ ಹಾಂಗ್ ಅವರ ಗ್ರಂಥದಲ್ಲಿ, ಒಂದು ಹಿಡಿ ಸೊಪ್ಪು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿ ಅಂತಿತ್ತು. ಕುದಿಸು ಅಂತ ಇರಲಿಲ್ಲ. ಕಾವು ತಾಗಿದರೆ ಕೆಡುತ್ತದೋ ಏನೋ ಅಂತ ಅನುಮಾನ ಬಂದು, ಈಥರ್ ಬಳಸಿ ಕಡಿಮೆ ಬಿಸಿಯಲ್ಲಿ ಸಾರ ತೆಗೆದರು, ಅದು ಕೆಲಸ ಮಾಡಿತು. ಹಳೇ ಪುಸ್ತಕ ದಾರಿ ತೋರಿಸಿತು ನಿಜ. ಆದರೆ ಆಮೇಲೆ ಯಾವ ಅಂಶ, ಎಷ್ಟು ಪ್ರಮಾಣ, ಯಾರಿಗೆ ಆಗದು ಅಂತ ಒಂದೊಂದೂ ಪರೀಕ್ಷೆಯಾಯಿತು. ಪೊಟ್ಟಣದಲ್ಲಿ ಬರುವ ಹತ್ತು ಹನ್ನೆರಡು ಮೂಲಿಕೆಗೆ ಅಷ್ಟೆಲ್ಲ ಆಗಿರುವುದಿಲ್ಲ.

ಇದರ ಇನ್ನೊಂದು ಮುಖ ಬೆಲ್ಜಿಯಂ. 1990ರ ಆಸುಪಾಸು ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಚೀನೀ ಮೂಲಿಕೆಯ ಪುಡಿ ಕೊಟ್ಟರು. ಬರೆದದ್ದು ಹಾನ್ ಫಾಂಗ್ ಜಿ, ಒಳಗಿದ್ದದ್ದು ಗುವಾಂಗ್ ಫಾಂಗ್ ಜಿ. ಹೆಸರು ಒಂದೇ ಥರ, ಗಿಡ ಬೇರೆ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲ. ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಹಾಳಾಯಿತು, ಕೆಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್. ಚೀನೀ ಮದ್ದು ಅಂತ ಮೂಗು ಮುರಿಯುವ ಮುಂಚೆ ನಮ್ಮ ಈಶ್ವರಿ ಬಳ್ಳಿ ನೆನಪಿರಲಿ. ಹಾವು ಕಡಿತಕ್ಕೆ ಅಂತ ಹಳ್ಳಿಗಳಲ್ಲಿ ಬಳಸುವ ಆ ಬೇರೂ ಅದೇ ಕುಲದ್ದು, ಅದೇ ಆಮ್ಲ ಇದೆ.

ಸಿಂಗಪುರದಲ್ಲಿ ಅಷ್ಟು ಸಡಿಲ ಇಲ್ಲ. ತಯಾರಾದ ಚೀನೀ ಗುಳಿಗೆ, ಪುಡಿಗಳು ಮಾರಾಟಕ್ಕೆ ಮುಂಚೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಚ್‌ಎಸ್‌ಎ ಪಟ್ಟಿಗೆ ಸೇರಬೇಕು. ಆನ್‌ಲೈನ್‌ನಲ್ಲಿ, ಸಂತೆಯಲ್ಲಿ ಮಾರುವ ಸಂಧಿವಾತದ ಗುಳಿಗೆ ಕೊಳ್ಳಬೇಡಿ. ಒಳಗೆ ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿ, ಎಚ್‌ಎಸ್‌ಎ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದೆ. ಎರಡೇ ದಿನದಲ್ಲಿ ಮಂಡಿ ನೋವು ಮಾಯವಾದರೆ ಖುಷಿಪಡಬೇಡಿ, ಅನುಮಾನಪಡಿ.

ಟ್ಯಾಂಪನೀಸ್_ತುಳಸಿ

ಎಲ್ಲರಿಗೂ ಧನ್ಯವಾದ. ಅಮ್ಮನ ಡಬ್ಬಿ ತೆಗೆದು ನೋಡಿದೆ, ಅಸೆನೊಕುಮರಾಲ್‌ ಅಂತಲೇ ಇದೆ. ಐಎನ್‌ಆರ್ ಪುಸ್ತಕವೂ ಇದೆ. ಅವರನ್ನು ಕರೆದುಕೊಂಡು ಹೋಗುವುದಿಲ್ಲ. ಮಂಡಿಗೆ ಇಲ್ಲೇ ಫಿಸಿಯೋಥೆರಪಿ ಕೇಳುತ್ತೇನೆ. "ನನಗ್ಯಾಕೆ ಬೇಡ, ನಿನಗೆ ಮಾತ್ರ ಬೇಕಾ" ಅಂತ ಸಿಡುಕುತ್ತಿದ್ದಾರೆ. ನೋಡೋಣ.

ಇನ್ನೊಂದು ಸಂಕೋಚದ ಪ್ರಶ್ನೆ. ನಾವು ಸಸ್ಯಾಹಾರಿಗಳು. ಆ ಕಷಾಯದಲ್ಲಿ ಬೇರೆ ಏನಾದರೂ ಇರುತ್ತದಾ?

ಜುರಾಂಗ್_ಜೋಳದರೊಟ್ಟಿ

ಇರುತ್ತದ್ರೀ ಅಕ್ಕಾ! ಸಂಕೋಚ ಬಿಟ್ಟು ಮೊದಲೇ ಹೇಳಿಬಿಡಿ. ಕೀಲು ನೋವಿನ ಮದ್ದಿನಲ್ಲಿ ಒಣಗಿಸಿದ ಎರೆಹುಳು, ಚೇಳು ಹಾಕುವ ಪದ್ಧತಿ ಇದೆ. ಕತ್ತೆ ಚರ್ಮದ ಅಂಟು, ಜಿಂಕೆ ಕೊಂಬು, ಸಿಕಾಡಾ ಹುಳದ ಪೊರೆ, ಸಿಂಪಿ ಚಿಪ್ಪು, ಪಟ್ಟಿ ದೊಡ್ಡದು. ಅಲ್ಲಿ ಬೌದ್ಧ ಸಸ್ಯಾಹಾರಿಗಳೂ ಬರುತ್ತಾರೆ, ಹೇಳಿದರೆ ಬಿಟ್ಟು ಬರೆಯುತ್ತಾರೆ. ಇಲ್ಲವೇ ಸೂಜಿ ಸಾಕು, ಮದ್ದು ಬೇಡ ಅನ್ನಿ. ಯಾರೂ ಒತ್ತಾಯ ಮಾಡುವುದಿಲ್ಲ. ಮಾಡಿದರೆ ಎದ್ದು ಬನ್ನಿ.

ಕರಾವಳಿ_ಕಷಾಯ

ನಾನು ಬಿಎನ್‌ವೈಎಸ್ ಓದಿದವ, ದಕ್ಷಿಣ ಕನ್ನಡದಲ್ಲಿ ಪ್ರಾಕ್ಟೀಸ್. ಊರಿಗೆ ಬಂದಾಗ ಮುಂದುವರಿಸುತ್ತೇನೆ ಅನ್ನುವವರಿಗೆ ಎರಡು ಮಾತು. ನಮ್ಮ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಪದವಿಯ ಪಾಠದಲ್ಲಿ ಅಕ್ಯುಪಂಕ್ಚರ್ ಇದೆ. ಉಜಿರೆಯಲ್ಲಿ 1989ರಲ್ಲಿ ಈ ಕಾಲೇಜು ಶುರುವಾದದ್ದು, ಈಗ ರಾಜ್ಯದಲ್ಲಿ ಸುಮಾರು ಕಡೆ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿ ಅಂತ ಒಪ್ಪಿತು. ಅಷ್ಟಾದರೂ ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡು ತೂಗುಹಾಕಿದವರಿಗೆ ಕಮ್ಮಿ ಇಲ್ಲ ಮಾರಾಯ್ರೆ. ಶುಗರ್ ಮಾತ್ರೆ ಬಿಡಿ, ಕ್ಯಾನ್ಸರ್‌ಗೆ ಸೂಜಿ ಸಾಕು ಅನ್ನುವವರಿಂದ ದೂರ ಇರಿ. ಬೆಂಗಳೂರಿನ ಫಿಸಿಯೋಗಳು ಮಾಡುವ ಡ್ರೈ ನೀಡ್ಲಿಂಗ್‌ಗೂ ಇದೇ ಸೂಜಿ. ಅವರು ನಕ್ಷೆ ನೋಡುವುದಿಲ್ಲ, ಸ್ನಾಯು ಗಂಟು ಕಟ್ಟಿದ ಜಾಗಕ್ಕೇ ಹಾಕುತ್ತಾರೆ.

ತುಳಸಿಯವರಿಗೆ: ಕಾಲಿಗೆ ಶಕ್ತಿ ಕುಂದಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಸೂಜಿ-ಗೀಜಿ ಅಂತ ಕಾಯಬೇಡಿ. ಆ ಹೊತ್ತೇ ಆಸ್ಪತ್ರೆ. ಗರ್ಭಿಣಿ ಆಗಿದ್ದರೆ ಅಥವಾ ಆ ಸಾಧ್ಯತೆ ಇದ್ದರೆ ಮೊದಲೇ ಹೇಳಿ, ಕೆಲವು ಬಿಂದುಗಳನ್ನು ನಾವು ಮುಟ್ಟುವುದಿಲ್ಲ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಕ್ಲಿಪ್ ಬೇಡ.

ಸಂಶಯ_ಸ್ವಾಮಿ

ಈ ಪಟ್ಟಿಗೆ ನನ್ನ ಸಹಿಯೂ ಇದೆ. ಸೂಜಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಅದೇ.

ಟ್ಯಾಂಪನೀಸ್_ತುಳಸಿ

ಹೆಸರು ನೋಂದಾಯಿಸಿದೆ. ಸೂಜಿ ಮಾತ್ರ, ಮದ್ದು ಬೇಡ ಅಂತ ಫೋನಿನಲ್ಲೇ ಹೇಳಿದೆ, "ಕ್ಯಾನ್ ಕ್ಯಾನ್" ಅಂದರು. ವೈದ್ಯರಿಗೆ ನೋಂದಣಿ ಇದೆಯಾ ಅಂತ ಎಲ್ಲಿ ನೋಡುವುದು? ಮತ್ತೆ ಅವತ್ತು ಎಂಸಿ, ಅಂದರೆ ರಜೆಗೆ ಮೆಡಿಕಲ್ ಸರ್ಟಿಫಿಕೇಟ್, ಕೊಟ್ಟರೆ ಆಫೀಸಿನಲ್ಲಿ ನಡೆಯುತ್ತದಾ?

ಜುರಾಂಗ್_ಜೋಳದರೊಟ್ಟಿ

ಟಿಸಿಎಂ ಪ್ರಾಕ್ಟೀಷನರ್ಸ್ ಬೋರ್ಡ್ ಅಂತ ಇದೆ, 2000ದ ಕಾಯ್ದೆಯಿಂದ ಬಂದದ್ದು. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಬರುತ್ತದೆ. ಬರದಿದ್ದರೆ ಬೇರೆ ಕಡೆ ಹೋಗಿ. ಖರ್ಚಿನ ಚಿಂತೆ ಇದ್ದವರಿಗೆ, 1867ರಲ್ಲಿ ಶುರುವಾದ ಥಾಂಗ್ ಚಾಯ್ ಅನ್ನುವ ಧರ್ಮಾರ್ಥ ಸಂಸ್ಥೆ ಈಗಲೂ ನಡೆಯುತ್ತಿದೆ. ಕ್ಯೂ ಉದ್ದ ಇರುತ್ತದೆ.

ಎಂಸಿ ಕೊಡುತ್ತಾರೆ, ಆದರೆ ಕಂಪನಿ ಅದನ್ನು ಒಪ್ಪಲೇಬೇಕು ಅಂತ ಕಾನೂನಿಲ್ಲ. ಎಚ್‌ಆರ್ ಕೇಳಿ ನೋಡಿ. ನಾನು ಶನಿವಾರ ಬೆಳಿಗ್ಗೆಯ ಸ್ಲಾಟ್ ತಗೊಳ್ಳುತ್ತಿದ್ದೆ, ಆ ತಲೆಬಿಸಿಯೇ ಇರಲಿಲ್ಲ.